ಎಳೆಯ ಮನಸ್ಸಿನ ಗಾಯಕ್ಕೊಂದು ಅಳತೆ

ಯುದ್ಧದ ವಾರ್ತೆ ರಮ್ಯವೆಂದು ಹಿಂದಿನವರು ಹೇಳಿದ್ದುಂಟು. ಆ ಮಾತಿನೊಳಗೆ ಒಂದು ಷರತ್ತು ಅಡಗಿದೆ: ಕೇಳುವವನು ರಣರಂಗದಿಂದ ದೂರದಲ್ಲಿರಬೇಕು. ಯುದ್ಧ ಮುಗಿದ ಮೇಲೆ ನಷ್ಟದ ಲೆಕ್ಕ ಆರಂಭವಾಗುತ್ತದೆ. ಮಡಿದ ಸೈನಿಕರೆಷ್ಟು, ಬಿದ್ದ ಸೇತುವೆಗಳೆಷ್ಟು, ಸುಟ್ಟ ಮನೆಗಳೆಷ್ಟು ಎಂಬ ಪಟ್ಟಿಗಳು ಸಿದ್ಧವಾಗುತ್ತವೆ. ಆದರೆ ಬಾಂಬಿನ ಸದ್ದಿಗೆ ಮಂಚದ ಕೆಳಗೆ ಅಡಗಿ ಕುಳಿತು, ಮೈಮೇಲೆ ಒಂದು ಗೀರೂ ಇಲ್ಲದೆ ಎದ್ದು ಬಂದ ಹತ್ತು ವರ್ಷದ ಬಾಲಕಿಗೆ ಆ ಪಟ್ಟಿಗಳಲ್ಲಿ ಬಹುಕಾಲ ಸ್ಥಾನವಿರಲಿಲ್ಲ. ಅವಳಿಗೆ ಏನೂ ಆಗಿಲ್ಲವೆಂದೇ ಜನರ ಎಣಿಕೆಯಾಗಿದ್ದಿತು.

ಅಂಥ ಮಕ್ಕಳು ಒಬ್ಬಿಬ್ಬರಲ್ಲ. ೨೦೨೪ರ ಕೊನೆಯಲ್ಲಿ ಯೂನಿಸೆಫ್ ಸಂಸ್ಥೆ ಪ್ರಕಟಿಸಿದ ಅಂದಾಜಿನಂತೆ, ಜಗತ್ತಿನ ೪೭ ಕೋಟಿ ೩೦ ಲಕ್ಷಕ್ಕೂ ಹೆಚ್ಚು ಮಕ್ಕಳು ಯುದ್ಧವೋ ಅಂತಃಕಲಹವೋ ನಡೆದಿರುವ ನಾಡುಗಳಲ್ಲಿ ಬಾಳುತ್ತಿದ್ದರು. ಅಂದರೆ ಆರು ಮಕ್ಕಳಲ್ಲಿ ಒಬ್ಬರಿಗಿಂತ ಹೆಚ್ಚು. ಕೈ ಮುರಿದ ಮಗುವನ್ನು ವೈದ್ಯನು ಕಣ್ಣಿನಿಂದಲೇ ಗುರುತಿಸಬಲ್ಲ. ಮನಸ್ಸು ಮುರಿದ ಮಗುವನ್ನು ಗುರುತಿಸುವ ಬಗೆ ಹೇಗೆ? ಸಾವಿರಾರು ಮಕ್ಕಳಲ್ಲಿ ಯಾರಿಗೆ ನೆರವು ಮೊದಲು ಬೇಕೆಂದು ನಿರ್ಣಯಿಸುವುದೆಂತು? ನೋವನ್ನು ಅಳೆಯಲು ಸಾಧ್ಯವೆ?

ಮಕ್ಕಳ ವಿಷಯದಲ್ಲಿ ಹಿರಿಯರಿಗೆ ಮೂರು ನಂಬಿಕೆಗಳುಂಟು. ಮಕ್ಕಳಿಗೆ ಏನು ತಿಳಿಯುತ್ತದೆ, ಬೇಗ ಮರೆತುಬಿಡುತ್ತವೆ ಎಂಬುದು ಮೊದಲನೆಯದು. ಮಗುವಿನ ಮನಸ್ಸಿನಲ್ಲಿರುವುದು ಹೆತ್ತವರಿಗೆ ತಿಳಿಯದೆ ಇರುತ್ತದೆಯೆ ಎಂಬುದು ಎರಡನೆಯದು. ಕಾಲವೇ ಎಲ್ಲಕ್ಕೂ ಮದ್ದು ಎಂಬುದು ಮೂರನೆಯದು. ಮೂರೂ ಪ್ರೀತಿಯಿಂದ ಹುಟ್ಟಿದ ಮಾತುಗಳೇ. ಆದರೆ ಯುದ್ಧವನ್ನು ಕಂಡ ಮಕ್ಕಳನ್ನೇ ನೇರವಾಗಿ ಕೇಳಿ ಬರೆದಿಟ್ಟ ಲೆಕ್ಕಗಳು ಈ ಮೂರನ್ನೂ ಒರೆಗೆ ಹಚ್ಚಿವೆ.

ಸೈನಿಕನ ಮನಸ್ಸಿನ ಗಾಯಕ್ಕೆ ಹೆಸರು ಬೇಗ ದೊರಕಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ೧೯೧೫ರಲ್ಲಿಯೇ, ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯರು ಅದನ್ನು ‘ಷೆಲ್ ಷಾಕ್’ ಎಂದು ವೈದ್ಯಪತ್ರಿಕೆಯಲ್ಲಿ ವರ್ಣಿಸಿದ್ದರು. ಬಂದೂಕು ಹಿಡಿಯುವವನ ಕೈ ನಡುಗಿದರೆ ಸರ್ಕಾರಕ್ಕೆ ಚಿಂತೆಯಾಗುವುದು ಸಹಜ. ಮಗುವಿನ ಕೈ ನಡುಗಿದರೆ ಯಾವ ಸೇನೆಗೂ ನಷ್ಟವಿಲ್ಲವಷ್ಟೆ. ಮಕ್ಕಳ ಕಡೆಗೆ ಗಂಭೀರವಾದ ದೃಷ್ಟಿ ಹೊರಳಿದ್ದು ಎರಡನೆಯ ಮಹಾಯುದ್ಧದಲ್ಲಿ. ೧೯೩೯ರ ಸೆಪ್ಟೆಂಬರಿನಲ್ಲಿ, ಬಾಂಬಿನ ಭಯದಿಂದ, ಇಂಗ್ಲೆಂಡಿನ ನಗರಗಳಿಂದ ಸುಮಾರು ಹದಿನೈದು ಲಕ್ಷ ಜನರನ್ನು ಹಳ್ಳಿಗಳಿಗೆ ಸಾಗಿಸಲಾಯಿತು. ಅವರಲ್ಲಿ ತಾಯಿತಂದೆಯರನ್ನು ಬಿಟ್ಟುಹೋದ ಶಾಲಾಮಕ್ಕಳೇ ಬಹಳ. ಸಿಗ್ಮಂಡ್ ಫ್ರಾಯ್ಡರ ಮಗಳು ಆನಾ ಫ್ರಾಯ್ಡ್ ಮತ್ತು ಅವರ ಸಹೋದ್ಯೋಗಿ ಡೊರೊಥಿ ಬರ್ಲಿಂಗ್‌ಹ್ಯಾಮ್ ಅವರು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಯುದ್ಧಕಾಲದ ಶಿಶುವಿಹಾರಗಳನ್ನು ನಡೆಸುತ್ತ, ಎಳೆಯ ಮಕ್ಕಳನ್ನು ಹಗಲಿರುಳೂ ಗಮನಿಸಿದರು. ೧೯೪೩ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಮುಖ್ಯ ತಾತ್ಪರ್ಯವೆಂದರೆ, ತಾಯಿಯ ಮಗ್ಗುಲಲ್ಲಿದ್ದು ಬಾಂಬಿನ ಸದ್ದು ಕೇಳಿದ ಮಗುವಿಗಿಂತ, ಸುರಕ್ಷಿತವಾದ ಹಳ್ಳಿಯಲ್ಲಿ ತಾಯಿಯಿಲ್ಲದೆ ಮಲಗಿದ ಮಗುವಿನ ಸಂಕಟ ಹೆಚ್ಚಾಗಿರಬಹುದು ಎಂಬುದು.

ಅದು ಅನುಭವಿಗಳಾದ ಇಬ್ಬರು ಮಹಿಳೆಯರು ಕಣ್ಣಾರೆ ಕಂಡು ಹೇಳಿದ ಮಾತು. ಆದರೆ ಒಂದು ಶಿಶುವಿಹಾರವನ್ನು ಬಿಟ್ಟು ಇಡೀ ನಗರದ ಮಾತನ್ನಾಡಬೇಕಾದರೆ ಎಲ್ಲರಿಗೂ ಒಂದೇ ಆದ ಅಳತೆ ಬೇಕು. ಊರಿಗೊಂದು ಸೇರು ಇದ್ದ ಕಾಲದಲ್ಲಿ ಧಾನ್ಯದ ಲೆಕ್ಕ ಎಷ್ಟು ತೊಡಕಾಗುತ್ತಿದ್ದಿತೆಂಬುದನ್ನು ಹಿರಿಯರು ಬಲ್ಲರು. ಒಬ್ಬ ವೈದ್ಯರಿಗೆ ‘ಸ್ವಲ್ಪ ಭಯ’ ಎಂದು ತೋರಿದುದು ಇನ್ನೊಬ್ಬರಿಗೆ ‘ತೀವ್ರ ಭಯ’ ಎನ್ನಿಸಿದರೆ, ಯಾವ ಊರಿಗೆ ನೆರವನ್ನು ಮೊದಲು ಕಳುಹಿಸಬೇಕೆಂಬುದು ಇತ್ಯರ್ಥವಾಗುವುದಿಲ್ಲ.

ಅಂಥದೊಂದು ಸೇರನ್ನು ೧೯೭೯ರಲ್ಲಿ ಅಮೆರಿಕದ ಮನೋವೈದ್ಯರಾದ ಮಾರ್ಡಿ ಹೊರೊವಿಟ್ಸ್ ತಮ್ಮ ಇಬ್ಬರು ಸಹೋದ್ಯೋಗಿಗಳೊಡನೆ ರೂಪಿಸಿದರು. ಅದರಲ್ಲಿ ೧೫ ವಾಕ್ಯಗಳಿದ್ದವು. ಆಘಾತಕ್ಕೆ ಸಿಕ್ಕಿದ ಮನಸ್ಸು ಎರಡು ವಿರುದ್ಧ ದಿಕ್ಕುಗಳಿಗೆ ಜಗ್ಗಾಡುತ್ತದೆಂಬುದು ಅವುಗಳ ಹಿಂದಿನ ತತ್ತ್ವ. ಒಂದು ಕಡೆ, ಬೇಡವೆಂದರೂ ಆ ದೃಶ್ಯ ಕಣ್ಣಿಗೆ ಕಟ್ಟುತ್ತದೆ, ನಿದ್ರೆಯಲ್ಲಿಯೂ ನುಗ್ಗುತ್ತದೆ. ಇನ್ನೊಂದು ಕಡೆ, ಮನಸ್ಸು ಅದರಿಂದ ತಪ್ಪಿಸಿಕೊಳ್ಳಲು ಹೆಣಗುತ್ತದೆ. ಅದನ್ನು ನೆನಪಿಸುವ ಸ್ಥಳಕ್ಕೆ ಹೋಗುವುದಿಲ್ಲ, ಅದರ ಮಾತೆತ್ತುವುದಿಲ್ಲ. ಮರುವರ್ಷ, ೧೯೮೦ರಲ್ಲಿ, ಅಮೆರಿಕದ ಮನೋವೈದ್ಯರ ಸಂಘವು ಆಘಾತದ ನಂತರದ ಒತ್ತಡವೆಂಬ ವ್ಯಾಧಿಯನ್ನು ತನ್ನ ರೋಗಗಳ ಕೈಪಿಡಿಯಲ್ಲಿ ಸೇರಿಸಿತು.

ಈ ಅಳತೆ ಹುಟ್ಟಿದ್ದು ದೊಡ್ಡವರಿಗಾಗಿ. ಅದು ಮಕ್ಕಳ ಕೈಗೆ ಬಂದುದರಲ್ಲಿ ಒಂದು ಹಡಗಿನ ದುರಂತಕ್ಕೂ ಪಾತ್ರವುಂಟು. ೧೯೮೮ರ ಅಕ್ಟೋಬರಿನಲ್ಲಿ ನಾನೂರಕ್ಕೂ ಹೆಚ್ಚು ಬ್ರಿಟಿಷ್ ಶಾಲಾಮಕ್ಕಳನ್ನು ಹೊತ್ತು ಗ್ರೀಸಿನ ಪಿರೇಯಸ್ ಬಂದರಿನಿಂದ ಹೊರಟ ‘ಜ್ಯೂಪಿಟರ್’ ಎಂಬ ಹಡಗು, ಇನ್ನೊಂದು ಹಡಗು ಡಿಕ್ಕಿ ಹೊಡೆದುದರಿಂದ ಒಂದು ಗಂಟೆಯೊಳಗೆ ಮುಳುಗಿತು. ಮಕ್ಕಳಲ್ಲಿ ಬಹುತೇಕ ಎಲ್ಲರೂ ಬದುಕಿ ಮನೆ ಸೇರಿದರು. ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಲಿಯಂ ಯೂಲ್ ಮತ್ತು ಅವರ ಸಂಗಡಿಗರು ಆ ಮಕ್ಕಳನ್ನು ವರ್ಷಗಟ್ಟಲೆ ವಿಚಾರಿಸುತ್ತ ಹೋದರು. ಕೊನೆಗೆ ಪರೀಕ್ಷಿಸಿದ ೨೧೭ ಮಂದಿಯಲ್ಲಿ ೫೧ ಶೇಕಡಾ ಜನ ಆ ವ್ಯಾಧಿಗೆ ಒಂದಲ್ಲ ಒಂದು ಕಾಲದಲ್ಲಿ ತುತ್ತಾಗಿದ್ದರು. ಹಾಗೆ ತುತ್ತಾದವರಲ್ಲಿ ಮೂರನೆಯ ಒಂದು ಭಾಗದಷ್ಟು ಜನರಿಗೆ ಐದರಿಂದ ಎಂಟು ವರ್ಷಗಳ ಮೇಲೂ ಅದು ಬಿಟ್ಟಿರಲಿಲ್ಲ. ಮಕ್ಕಳು ಬೇಗ ಮರೆಯುತ್ತವೆಂಬ ಮೊದಲನೆಯ ನಂಬಿಕೆ ಇಲ್ಲಿಗೆ ಸಡಿಲಿತು. ಹಸಿಯ ಗೋಡೆಯಲ್ಲಿ ಹರಳು ನೆಟ್ಟಂತೆ ಎಂಬ ಕನ್ನಡದ ಗಾದೆಯೇ ನಿಜಕ್ಕೆ ಹತ್ತಿರವಾಗಿದ್ದಿತು.

ಎರಡನೆಯ ನಂಬಿಕೆಯ ಪರೀಕ್ಷೆ ನಡೆದದ್ದು ಬೋಸ್ನಿಯ ದೇಶದಲ್ಲಿ. ೧೯೯೨ರಿಂದ ೧೯೯೫ರವರೆಗೆ ನಡೆದ ಅಲ್ಲಿನ ಯುದ್ಧದಲ್ಲಿ ನೆರೆಹೊರೆಯವರೇ ಶತ್ರುಗಳಾದರು. ನೆರೆತ್ವಾ ನದಿಯ ಎರಡು ದಡಗಳಲ್ಲಿ ಹರಡಿದ ಮೋಸ್ತಾರ್ ನಗರವು ಇಬ್ಭಾಗವಾಯಿತು. ನಾಲ್ಕು ಶತಮಾನಗಳಿಗೂ ಮಿಕ್ಕು ನಿಂತಿದ್ದ ಅಲ್ಲಿನ ಕಲ್ಲಿನ ಸೇತುವೆ ೧೯೯೩ರ ನವೆಂಬರಿನಲ್ಲಿ ಗುಂಡಿನ ದಾಳಿಗೆ ಕುಸಿದುದನ್ನು ಜಗತ್ತೇ ಚಿತ್ರಗಳಲ್ಲಿ ಕಂಡು ಮರುಗಿತು. ಆ ನಾಡಿನಲ್ಲಿ, ಯೂನಿಸೆಫ್‌ನ ನೆರವಿನಿಂದ, ಯೂಲ್ ಅವರೂ ಅವರ ಸಂಗಡಿಗರೂ ೯ರಿಂದ ೧೪ ವಯಸ್ಸಿನ ೨,೯೭೬ ಮಕ್ಕಳ ಕೈಗೆ ಪ್ರಶ್ನಾವಳಿಗಳನ್ನು ಕೊಟ್ಟು ಉತ್ತರ ಪಡೆದರು. ಬಂದ ಫಲ ವಿಚಿತ್ರವಾಗಿದ್ದಿತು. ಆಘಾತದ ಲಕ್ಷಣಗಳೂ ಅಗಲಿದವರಿಗಾಗಿ ಪಡುವ ಶೋಕವೂ ಅಧಿಕವಾಗಿದ್ದವು. ಆದರೆ ಖಿನ್ನತೆ ಮತ್ತು ಸಾಮಾನ್ಯವಾದ ಆತಂಕಗಳು ಎಲ್ಲ ಮಕ್ಕಳಲ್ಲಿರುವಷ್ಟೇ ಇದ್ದವು.

ಇದರ ಅರ್ಥವನ್ನು ತುಸು ನಿಂತು ಯೋಚಿಸಬೇಕು. ಸದಾ ಮಂಕಾಗಿ ಕುಳಿತ ಮಗುವನ್ನು, ಮಾತುಮಾತಿಗೆ ಅಳುವ ಮಗುವನ್ನು ಯಾರು ಬೇಕಾದರೂ ಗುರುತಿಸಿಯಾರು. ಆದರೆ ಈ ಮಕ್ಕಳಲ್ಲಿ ಹಲವರು ಪಾಠ ಓದುತ್ತಿದ್ದರು, ಆಡುತ್ತಿದ್ದರು, ನಗುತ್ತಲೂ ಇದ್ದಿರಬೇಕು. ಮುಖವನ್ನು ನೋಡಿ ಮಾತ್ರ ಎಣಿಸುವವರ ಲೆಕ್ಕಕ್ಕೆ ಅವರು ಸಿಗುತ್ತಿರಲಿಲ್ಲ. ಇದಕ್ಕೆ ಇನ್ನೊಂದು ಕಾರಣವೂ ಉಂಟು. ತನ್ನ ಕನಸಿನ ವಿಷಯ ಹೇಳಿದರೆ ತಾಯಿ ಅಳುತ್ತಾಳೆಂದು ಮಗುವಿಗೆ ಗೊತ್ತಿರುತ್ತದೆ. ಆದ್ದರಿಂದ ಅದು ಬಾಯಿ ಮುಚ್ಚಿಕೊಳ್ಳುತ್ತದೆ. ಮಗು ಸುಮ್ಮನಿರುವುದನ್ನು ಕಂಡ ತಾಯಿ, ಅದು ಮರೆತಿದೆಯೆಂದು ತಾನೂ ಆ ಮಾತೆತ್ತುವುದಿಲ್ಲ. ಒಬ್ಬರನ್ನೊಬ್ಬರು ಕಾಪಾಡುವ ಪ್ರೀತಿಯಲ್ಲಿ ಇಬ್ಬರೂ ಒಂಟಿಯಾಗುತ್ತಾರೆ. ಬೋಸ್ನಿಯದಲ್ಲಿಯೇ ೩೩೯ ಮಕ್ಕಳನ್ನೂ ಅವರ ತಾಯಂದಿರನ್ನೂ ಒಟ್ಟಿಗೆ ವಿಚಾರಿಸಿದ ಇನ್ನೊಂದು ಅಧ್ಯಯನವು ೨೦೦೧ರಲ್ಲಿ ಪ್ರಕಟವಾಯಿತು. ಮಗು ಕಂಡ ಹಿಂಸೆಯಂತೆಯೇ ತಾಯಿಯ ಮನಸ್ಸಿನ ಸ್ಥಿತಿಯೂ ಮಗುವಿನ ಸ್ಥಿತಿಯನ್ನು ಪ್ರಭಾವಿಸುತ್ತದೆಂದು ಅದು ತೋರಿಸಿತು. ಲಂಡನ್ನಿನ ಶಿಶುವಿಹಾರದಲ್ಲಿ ಕಂಡ ಸತ್ಯಕ್ಕೆ ಅರ್ಧ ಶತಮಾನದ ಮೇಲೆ ಅಂಕಿಯ ಬೆಂಬಲ ದೊರೆತಂತಾಯಿತು.

ಹಾಗಾದರೆ ಮಕ್ಕಳ ಕೈಗೆ ಕೊಡುವ ಈ ಕಾಗದದಲ್ಲಿರುವುದೇನು? ಹೊರೊವಿಟ್ಸರ ೧೫ ವಾಕ್ಯಗಳಲ್ಲಿ ಕೆಲವನ್ನು ಮಕ್ಕಳು ಬೇರೆ ರೀತಿಯಲ್ಲಿ ಅರ್ಥಮಾಡಿಕೊಳ್ಳುತ್ತಾರೆಂದು ಮೊದಮೊದಲ ಪ್ರಯೋಗಗಳಲ್ಲಿಯೇ ತಿಳಿದುಬಂದಿತು. ಅವನ್ನು ತೆಗೆದುಹಾಕಿ ಎಂಟನ್ನು ಉಳಿಸಿಕೊಂಡರು: ನಾಲ್ಕು ನುಗ್ಗಿ ಬರುವ ನೆನಪಿನವು, ನಾಲ್ಕು ತಪ್ಪಿಸಿಕೊಳ್ಳುವ ಯತ್ನದವು. ಬೆಚ್ಚಿಬೀಳುವಿಕೆ, ನಿದ್ರಾಭಂಗ ಮೊದಲಾದವನ್ನು ವಿಚಾರಿಸುವ ಇನ್ನೈದು ಪ್ರಶ್ನೆಗಳನ್ನು ಕೂಡಿಸಿದ, ಹದಿಮೂರರ ಪಟ್ಟಿಯೂ ಇದೆ. ನಾರ್ವೆ ದೇಶದ ಬೆರ್ಗೆನ್ ನಗರದ ಅಟ್ಲೆ ಡೀರೆಗ್ರೋವ್ ಮತ್ತು ಯೂಲ್ ಅವರ ಬಳಗವು ಇದನ್ನು ಹಲವಾರು ಭಾಷೆಗಳಲ್ಲಿ ಉಚಿತವಾಗಿ ಹಂಚುತ್ತ ಬಂದಿದೆ. ಎಂಟು ವರ್ಷ ತುಂಬಿ, ತಾನಾಗಿ ಓದಬಲ್ಲ ಮಗು ಇದಕ್ಕೆ ಉತ್ತರಿಸಬಹುದು. ಕಳೆದ ಏಳು ದಿನಗಳಲ್ಲಿ ಹೀಗಾಯಿತೆ ಎಂಬುದಷ್ಟೇ ಪ್ರಶ್ನೆ. ಇಲ್ಲವೇ ಇಲ್ಲ ಎಂದರೆ ಸೊನ್ನೆ, ಅಪರೂಪವಾಗಿ ಎಂದರೆ ೧, ಕೆಲವು ಸಲ ಎಂದರೆ ೩, ಮೇಲಿಂದ ಮೇಲೆ ಎಂದರೆ ೫ ಅಂಕ. ಎಂಟೂ ಪ್ರಶ್ನೆಗಳಿಗೆ ಸೇರಿ ಗರಿಷ್ಠ ೪೦. ಮೊತ್ತವು ೧೭ ಅಥವಾ ಹೆಚ್ಚಾದರೆ ಆ ಮಗುವನ್ನು ತಜ್ಞರು ವಿಚಾರಿಸಬೇಕು. ನಾಲ್ಕು ಪ್ರಶ್ನೆಗಳಿಗೆ ‘ಕೆಲವು ಸಲ’ ಎಂದೂ ಒಂದಕ್ಕೆ ‘ಮೇಲಿಂದ ಮೇಲೆ’ ಎಂದೂ ಬರೆದು, ಉಳಿದ ಮೂರಕ್ಕೆ ‘ಇಲ್ಲ’ ಎಂದ ಮಗುವೂ ಸರಿಯಾಗಿ ಈ ಗೆರೆಯ ಮೇಲೆ ನಿಲ್ಲುತ್ತದೆ.

ಇದು ಜರಡಿಯೇ ಹೊರತು ತೀರ್ಪಲ್ಲ. ತಜ್ಞರು ದೀರ್ಘವಾಗಿ ಮಾತನಾಡಿಸಿ ಮಾಡಿದ ನಿರ್ಣಯದೊಡನೆ ಈ ಅಂಕಗಳನ್ನು ಹೋಲಿಸಿದ ಅಧ್ಯಯನವು ೨೦೦೫ರಲ್ಲಿ ಹೊರಬಂದಿತು. ನೂರು ಮಕ್ಕಳಲ್ಲಿ ೭೫ರಿಂದ ೮೩ ಮಕ್ಕಳನ್ನು ಈ ಪ್ರಶ್ನಾವಳಿಗಳು ಸರಿಯಾಗಿ ವಿಂಗಡಿಸಿದ್ದವು. ಎಂದರೆ, ಸುಮಾರು ಐವರಲ್ಲಿ ಒಬ್ಬರ ವಿಷಯದಲ್ಲಿ ಜರಡಿ ತಪ್ಪುತ್ತದೆ. ಥರ್ಮಾಮೀಟರು ಜ್ವರವಿದೆಯೆಂದು ಹೇಳೀತು. ಜ್ವರದ ಕಾರಣವನ್ನು ಹೇಳಬೇಕಾದವನು ವೈದ್ಯ. ಆದರೂ ಒಬ್ಬನೇ ವೈದ್ಯನಿರುವ ಊರಿನಲ್ಲಿ, ಸಾವಿರ ಮಕ್ಕಳ ಪೈಕಿ ಯಾರನ್ನು ಮೊದಲು ಕರೆಯಬೇಕೆಂದು ಶಾಲೆಯ ಉಪಾಧ್ಯಾಯಿನಿ ಕೆಲವೇ ನಿಮಿಷಗಳಲ್ಲಿ ಅರಿಯಬಲ್ಲಳೆಂಬುದು ಅಲ್ಪವಾದ ಲಾಭವಲ್ಲ.

ಇನ್ನು ಕಾಲವೇ ಮದ್ದೆಂಬ ಮಾತು. ೧೯೯೧ರ ಫೆಬ್ರವರಿ ೧೩ರಂದು ಇರಾಕಿನ ಬಾಗ್ದಾದಿನಲ್ಲಿ, ಅಮಿರಿಯಾ ಎಂಬ ಬಡಾವಣೆಯ ಆಶ್ರಯಕಟ್ಟಡದ ಮೇಲೆ ಅಮೆರಿಕದ ಬಾಂಬುಗಳು ಬಿದ್ದು ನಾನೂರಕ್ಕೂ ಹೆಚ್ಚು ಜನ ಅಸುನೀಗಿದರು. ಡೀರೆಗ್ರೋವ್ ಮತ್ತು ಅವರ ಸಂಗಡಿಗರು ಅದರ ಆಘಾತಕ್ಕೆ ಒಳಗಾದ ೯೪ ಮಕ್ಕಳನ್ನು ಯುದ್ಧ ಮುಗಿದ ಆರು ತಿಂಗಳಿಗೆ, ವರ್ಷಕ್ಕೆ, ಎರಡು ವರ್ಷಕ್ಕೆ, ಹೀಗೆ ಮೂರು ಸಲ ವಿಚಾರಿಸಿದರು. ಆರು ತಿಂಗಳಿಂದ ವರ್ಷದವರೆಗೆ ಅಂಕಗಳು ಗಮನಾರ್ಹವಾಗಿ ಇಳಿಯಲೇ ಇಲ್ಲ. ಎರಡನೆಯ ವರ್ಷಕ್ಕೆ ಇಳಿದವು. ಆದರೂ ಮೇಲೆಯೇ ಉಳಿದವು. ಮನೆಯವರನ್ನು ಕಳೆದುಕೊಂಡೇನೆಂಬ ಭಯ ಆ ಮಕ್ಕಳನ್ನು ಬಿಟ್ಟಿರಲಿಲ್ಲ. ಕಾಲವು ಮದ್ದೇ ಇರಬಹುದು. ಒಂದು ತರಗತಿಯ ಪಾಠಗಳೆಲ್ಲ ತಲೆಗೆ ಹತ್ತದೆ ಕಳೆದುಹೋದ ಮೇಲೆ ಬರುವ ಮದ್ದು ಮಗುವಿಗೆ ತಡವಾದ ಮದ್ದು.

ಆಫ್ರಿಕದ ರುವಾಂಡ ದೇಶದಿಂದ ಬಂದ ಲೆಕ್ಕ ಇದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತದೆ. ೧೯೯೪ರ ಏಪ್ರಿಲಿನಲ್ಲಿ ಅಲ್ಲಿ ಆರಂಭವಾದ ಜನಾಂಗದ ಕಗ್ಗೊಲೆಯ ಸುಮಾರು ೧೩ ತಿಂಗಳ ಮೇಲೆ ೮ರಿಂದ ೧೯ ವಯಸ್ಸಿನ ೩,೦೩೦ ಮಕ್ಕಳನ್ನು ಮಾತನಾಡಿಸಲಾಯಿತು. ತಾವು ಸತ್ತೇ ಹೋಗುವೆವೆಂದು ಅವರಲ್ಲಿ ೯೦ ಶೇಕಡಾ ಮಕ್ಕಳು ನಂಬಿದ್ದರು. ೧೫ ಶೇಕಡಾ ಮಕ್ಕಳು ಹೆಣಗಳ ಕೆಳಗೆ ಅವಿತು ಪ್ರಾಣ ಉಳಿಸಿಕೊಂಡಿದ್ದರು. ಅನಾಥಾಶ್ರಮಗಳಂಥ ಆಶ್ರಯಗಳಲ್ಲಿದ್ದ ಮಕ್ಕಳು ಉಳಿದವರಿಗಿಂತ ಹೆಚ್ಚಿನ ಘೋರವನ್ನು ಕಂಡವರು. ಆದರೆ ಅವರಲ್ಲಿಯೇ ಆಘಾತದ ಲಕ್ಷಣಗಳು ಕಡಿಮೆಯಾಗಿದ್ದವು. ಕಂಡ ದುಃಖದ ಪ್ರಮಾಣವೊಂದೇ ಮಗುವಿನ ಗತಿಯನ್ನು ನಿರ್ಧರಿಸುವುದಿಲ್ಲ. ಆ ಮೇಲೆ ಅದು ಬಾಳಿದ ನೆಲೆಯ ಪಾತ್ರವೂ ಇದೆ ಎಂದು ಇದು ಸೂಚಿಸುತ್ತದೆ.

ಅಳತೆಗೋಲು ಒಂದೇ ಆದರೂ ಅದು ಆಡುವ ಭಾಷೆ ಒಂದೇ ಅಲ್ಲ. ನೇಪಾಳದಲ್ಲಿ ೧೯೯೬ರಿಂದ ೨೦೦೬ರವರೆಗೆ ನಡೆದ ಅಂತರ್ಯುದ್ಧದ ನಂತರ, ಮಾವೋವಾದಿ ಪಡೆಯಲ್ಲಿದ್ದು ಮರಳಿದ ೧೪೧ ಮಕ್ಕಳನ್ನೂ, ಪಡೆಯನ್ನು ಸೇರದ ಅಂಥವರೇ ೧೪೧ ಮಕ್ಕಳನ್ನೂ ಹೋಲಿಸಿ ನೋಡಿದರು. ಮೊದಲಿನವರಲ್ಲಿ ೫೫ ಶೇಕಡಾ, ಎರಡನೆಯವರಲ್ಲಿ ೨೦ ಶೇಕಡಾ ಮಕ್ಕಳಲ್ಲಿ ಆಘಾತದ ಲಕ್ಷಣಗಳು ಗೆರೆ ದಾಟಿದ್ದವು. ಈ ಅಧ್ಯಯನವನ್ನು ಮುನ್ನಡೆಸಿದ ಬ್ರ್ಯಾಂಡನ್ ಕೋರ್ಟ್ ಅವರು ಅಲ್ಲಿನ ಮಾತಿನ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾರೆ. ನೇಪಾಳಿಯಲ್ಲಿ ‘ಮನ್’ ಬೇರೆ, ‘ದಿಮಾಗ್’ ಬೇರೆ. ಮನ್‌ಗೆ ಗಾಯವಾಯಿತೆಂದರೆ ಯಾರೂ ನಾಚುವುದಿಲ್ಲ. ದಿಮಾಗ್ ಕೆಟ್ಟಿತೆಂದರೆ ಹುಚ್ಚೆಂಬ ಕಳಂಕ ಅಂಟುತ್ತದೆ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಮನಸ್ಸಿಗೆ ನೋವಾಗಿದೆ’ ಎಂಬ ಮಾತಿಗೂ ‘ತಲೆ ಕೆಟ್ಟಿದೆ’ ಎಂಬ ಮಾತಿಗೂ ಇರುವ ಅಂತರವೇ ಅದು. ನಿಘಂಟನ್ನು ಹಿಡಿದು ಪ್ರಶ್ನೆಯನ್ನು ಭಾಷಾಂತರಿಸಿದವನು ಅರಿಯದೆ ಎರಡನೆಯ ಮಾತನ್ನು ಬಳಸಿದರೆ, ಮಗು ಎಲ್ಲಕ್ಕೂ ‘ಇಲ್ಲ’ ಎಂದು ಬರೆದು ಕಾಗದ ಹಿಂದಿರುಗಿಸುತ್ತದೆ. ಅಂಕಿ ಶೂನ್ಯ ಬಂದಿತೆಂದು ಅಧಿಕಾರಿಗಳು ಸಮಾಧಾನಪಡುತ್ತಾರೆ.

ಉಗಾಂಡದ ಉತ್ತರ ಭಾಗದಲ್ಲಿ ಇದನ್ನರಿತ ಸಂಶೋಧಕರು ಕ್ರಮವನ್ನೇ ಬದಲಿಸಿದರು. ಯುದ್ಧದಿಂದ ನೆಲೆ ತಪ್ಪಿದ ಅಚೋಲಿ ಜನರ ಶಿಬಿರಗಳಲ್ಲಿ, ಮಕ್ಕಳ ಸಂಕಟಗಳಿಗೆ ಇಲ್ಲಿ ಏನೆನ್ನುತ್ತಾರೆ ಎಂದು ಮೊದಲು ಆ ಜನರನ್ನೇ ಕೇಳಿದರು. ಅವರ ಮಾತುಗಳಿಂದಲೇ ಪ್ರಶ್ನಾವಳಿಯನ್ನು ಕಟ್ಟಿದರು. ಅದರಿಂದ ಅಳೆದು, ೧೪ರಿಂದ ೧೭ ವಯಸ್ಸಿನ ೩೧೪ ಮಂದಿಯ ಮೇಲೆ ಚಿಕಿತ್ಸೆಯ ಪ್ರಯೋಗ ನಡೆಸಿ, ಫಲವನ್ನು ೨೦೦೭ರಲ್ಲಿ ಪ್ರಕಟಿಸಿದರು. ಗುಂಪಿನಲ್ಲಿ ಕುಳಿತು ತಮ್ಮ ಸಂಬಂಧಗಳ ಕಷ್ಟಸುಖಗಳನ್ನು ಹಂಚಿಕೊಳ್ಳುವ ಚಿಕಿತ್ಸೆಯಿಂದ ಹುಡುಗಿಯರ ಖಿನ್ನತೆ ಇಳಿಯಿತು. ಹುಡುಗರಲ್ಲಿ ಅಂಥ ಸ್ಪಷ್ಟವಾದ ಫಲ ಕಾಣಲಿಲ್ಲ. ಅಳತೆಯಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದಾಯಿತೆಂದೇ ವರದಿ ಬರೆಯುತ್ತಿದ್ದರೇನೋ.

ಅಂಕಿಗಳಿಗೆ ತಮ್ಮ ಮಿತಿಯೂ ಉಂಟು. ‘ಆಘಾತದ ನಂತರ’ ಎಂಬ ಮಾತಿನಲ್ಲಿ ಆಘಾತವು ಮುಗಿದಿದೆಯೆಂಬ ಭಾವನೆಯಿದೆ. ವಿಮಾನಗಳು ಇನ್ನೂ ತಲೆಯ ಮೇಲೆ ಹಾರುತ್ತಿರುವಾಗ ಮಗು ಅವುಗಳ ಸದ್ದಿಗೆ ಅವಿತುಕೊಂಡರೆ ಅದು ರೋಗವಲ್ಲ, ವಿವೇಕ. ಅಂಕ ಹೆಚ್ಚೆಂದು ಒಂದು ಪೀಳಿಗೆಯನ್ನೇ ರೋಗಿಗಳೆಂದು ಕರೆಯುವುದೂ ಅನ್ಯಾಯವೇ. ಎಲ್ಲಕ್ಕಿಂತ ಮಿಗಿಲಾಗಿ, ಪ್ರಶ್ನೆ ಕೇಳಿದವನಿಗೆ ಒಂದು ಹೊಣೆಯಿದೆ. ಮಗುವಿನ ಉತ್ತರವನ್ನು ಬರೆದುಕೊಂಡು, ನೆರವಿನ ಏರ್ಪಾಡು ಮಾಡದೆ ಹೊರಟುಹೋದರೆ, ಅದು ಗಾಯದ ಕಟ್ಟನ್ನು ಬಿಚ್ಚಿ ನೋಡಿ ಹಾಗೆಯೇ ಬಿಟ್ಟುಬಂದಂತೆ. ಯೂಲ್ ಮತ್ತು ಡೀರೆಗ್ರೋವ್ ಅವರ ಬಳಗವು ಪ್ರಶ್ನಾವಳಿಯ ಜೊತೆಗೆ ಪಾಠದ ಕೈಪಿಡಿಯೊಂದನ್ನೂ ಸಿದ್ಧಪಡಿಸಿದ್ದು ಈ ಕಾರಣದಿಂದಲೇ ಸಾರ್ಥಕ. ಕಾಡುವ ದೃಶ್ಯವನ್ನು ಟೆಲಿವಿಷನ್ನಿನ ತೆರೆಯ ಮೇಲೆ ಇಟ್ಟಂತೆ ಕಲ್ಪಿಸಿಕೊಂಡು, ಅದನ್ನು ತಾನೇ ಆರಿಸುವಂಥ ಉಪಾಯಗಳನ್ನು ಅದರಿಂದ ಮಕ್ಕಳು ಗುಂಪಾಗಿ ಕಲಿಯುತ್ತಾರೆ.

ಕೊನೆಗೆ, ಗಾಜಾ ಪಟ್ಟಿಯಿಂದ ಬಂದ ಒಂದು ಜೋಡಿ ಅಂಕಿಗಳನ್ನು ಹೇಳಬೇಕು. ಅಲ್ಲಿನ ಮನೋವೈದ್ಯ ಅಬ್ದೆಲ್ ಅಜೀಜ್ ಥಾಬೆತ್ ಮತ್ತು ಬ್ರಿಟನ್ನಿನ ಪಾನೋಸ್ ವೋಸ್ಟಾನಿಸ್ ಅವರು ಘರ್ಷಣೆಯನ್ನು ಕಂಡಿದ್ದ, ೭ರಿಂದ ೧೨ ವಯಸ್ಸಿನ ೨೩೪ ಮಕ್ಕಳನ್ನು ಒಂದು ವರ್ಷದ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ, ಫಲವನ್ನು ೨೦೦೦ದಲ್ಲಿ ಪ್ರಕಟಿಸಿದರು. ಎರಡನೆಯ ಪರೀಕ್ಷೆಯ ಹೊತ್ತಿಗೆ ಶಾಂತಿಯ ಮಾತುಕತೆಗಳ ಕಾಲ. ಬೀದಿಗಳು ಒಂದಿಷ್ಟು ಶಾಂತವಾಗಿದ್ದವು. ಮಧ್ಯಮದಿಂದ ತೀವ್ರದವರೆಗಿನ ಲಕ್ಷಣಗಳುಳ್ಳ ಮಕ್ಕಳ ಪ್ರಮಾಣ ೪೦.೬ ಶೇಕಡಾದಿಂದ ೧೦ ಶೇಕಡಾಕ್ಕೆ ಇಳಿದಿತ್ತು. ಕಾಲವೂ ಇದರಲ್ಲಿ ತನ್ನ ಪಾಲಿನ ಕೆಲಸ ಮಾಡಿರಬಹುದು. ಆದರೆ ಸದ್ದಡಗಿದ ಬೀದಿಯಲ್ಲಿ ಕಳೆದ ಕಾಲಕ್ಕೂ ಬಾಂಬಿನ ನಿರೀಕ್ಷೆಯಲ್ಲಿ ಕಳೆದ ಕಾಲಕ್ಕೂ ಭೇದವಿದೆ. ಅದೇ ೨೦೦೦ದ ಸೆಪ್ಟೆಂಬರಿನಲ್ಲಿ ಆ ನೆಲದಲ್ಲಿ ಹಿಂಸೆ ಮತ್ತೆ ಭುಗಿಲೆದ್ದಿತು.

ಮೋಸ್ತಾರಿನ ಸೇತುವೆಯನ್ನು ಕಲ್ಲಿನ ಅಳತೆ ಹಿಡಿದು, ಹಿಂದಿದ್ದಂತೆಯೇ ಕಟ್ಟಿ ೨೦೦೪ರಲ್ಲಿ ಮತ್ತೆ ತೆರೆದರು. ಎಳೆಯ ಮನಸ್ಸನ್ನು ಹಾಗೆ ಮೊದಲಿನಂತೆ ಕಟ್ಟಿಕೊಡುವ ಶಿಲ್ಪಿಗಳಿಲ್ಲ. ಆದರೆ ಅದು ಎಲ್ಲಿ ಬಿರಿದಿದೆಯೆಂದು ಅದನ್ನೇ ಕೇಳಿ ತಿಳಿಯಬಹುದು. ಅದಕ್ಕೆ ಬೇಕಾದುದು ಅರ್ಥವಾಗುವ ಭಾಷೆಯ ಎಂಟು ಪ್ರಶ್ನೆಗಳು, ಮತ್ತು ಉತ್ತರ ಬಂದ ಮೇಲೂ ಅಲ್ಲಿಯೇ ಕುಳಿತಿರುವ ಒಬ್ಬ ಹಿರಿಯರು.